ನಂಬಿಕಸ್ಥ ಹೆಂಗಸು ಬೇಕಾಗಿದ್ದಾಳೆ

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ದೂರದ ಊರಿನಿಂದ ಫೋನ್ ಮಾಡಿದ್ದನು. ಅವನ ತಾಯಿ ಇಲ್ಲಿಯೇ, ನಮ್ಮ ಓಲ್ಡ್ ಟೌನಿನಲ್ಲಿ, ಒಬ್ಬರೇ ಇದ್ದಾರೆ. ಜಾರಿ ಬಿದ್ದು ಸೊಂಟದ ಮೂಳೆ ಮುರಿದಿದೆ. “ಸಾರ್, ಇಪ್ಪತ್ತನಾಲ್ಕು ಗಂಟೆಯೂ ಜೊತೆಗಿರುವ ಒಬ್ಬ ಹೋಂ ನರ್ಸ್ ಬೇಕು. ನಂಬಿಕಸ್ಥಳಾಗಿರಬೇಕು, ಶುಚಿಯಾಗಿರಬೇಕು, ತಾಳ್ಮೆ ಇರಬೇಕು, ಮೊಬೈಲ್ ಹಿಡಿದು ಕೂರಬಾರದು. ನಮ್ಮವರೇ ಆದರೆ ಇನ್ನೂ ಒಳ್ಳೆಯದು” ಎಂದನು. ಸಂಬಳದ ಮಾತು ಬಂದಾಗ, “ಇಪ್ಪತ್ತು ಸಾವಿರ ಹೆಚ್ಚಾಯಿತಲ್ಲವೇ ಸಾರ್?” ಎಂದು ಕೇಳಿದನು.

ಅವನ ಹೆಸರನ್ನು ಬರೆಯುವುದಿಲ್ಲ. ಬರೆದರೂ ಪ್ರಯೋಜನವಿಲ್ಲ, ಏಕೆಂದರೆ ಇದೇ ಪಟ್ಟಿಯನ್ನು ನಿಮ್ಮಲ್ಲಿ ಹಲವರು ನನಗೆ ಒಪ್ಪಿಸಿದ್ದೀರಿ. ನಾನೂ ಒಮ್ಮೆ ಇದೇ ಪಟ್ಟಿಯನ್ನು ಹಿಡಿದು ಬೀದಿ ಬೀದಿ ಅಲೆದವನೇ.

ಮೊದಲು ಲೆಕ್ಕವನ್ನು ಮುಗಿಸಿಬಿಡೋಣ. ಲೆಕ್ಕದ ಮೇಷ್ಟರಿಗೆ ಅದು ಹುಟ್ಟುಗುಣ. ದಿನಕ್ಕೆ 24 ಗಂಟೆಯಂತೆ ತಿಂಗಳಿಗೆ 720 ಗಂಟೆ. ಇಪ್ಪತ್ತು ಸಾವಿರವನ್ನು 720ರಿಂದ ಭಾಗಿಸಿದರೆ ಗಂಟೆಗೆ 28 ರೂಪಾಯಿಗೂ ಕಡಿಮೆ. ನೀರಿನ ಮೋಟಾರು ನೋಡಲು ಬಂದವನಿಗೆ ಅರ್ಧ ಗಂಟೆಗೆ ಮುನ್ನೂರು ರೂಪಾಯಿ ತುಟಿಪಿಟಿಕ್ಕೆನ್ನದೆ ಎಣಿಸಿಕೊಡುವ ನಾವು, ಹೆತ್ತ ತಾಯಿಯ ಮಲಮೂತ್ರ ಬಳಿಯುವವಳೊಡನೆ ಚೌಕಾಸಿಗೆ ಇಳಿಯುತ್ತೇವೆ. ರಾತ್ರಿ ಆಕೆ ಮಲಗುತ್ತಾಳಲ್ಲ ಎನ್ನುವವರಿಗೆ ನನ್ನ ಉತ್ತರವಿಷ್ಟೇ: ಒಂದು ರಾತ್ರಿ ನೀವು ಆ ಚಾಪೆಯ ಮೇಲೆ ಮಲಗಿ ನೋಡಿ.

ನನ್ನ ಮನೆಯವರಿಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋದಾಗ, ಹದಿನಾಲ್ಕು ತಿಂಗಳು ನಮ್ಮ ಮನೆಯಲ್ಲಿದ್ದು ನೋಡಿಕೊಂಡ ಹೆಣ್ಣುಮಗಳಿಂದ ನಾನು ಕಲಿತದ್ದು ಬಿ.ಎಡ್.ನಲ್ಲಿ ಕಲಿತದ್ದಕ್ಕಿಂತ ಹೆಚ್ಚು. ಆಕೆಗೆ ಯಾವ ಪ್ರಮಾಣಪತ್ರವೂ ಇರಲಿಲ್ಲ. ಬಂದ ಮೊದಲ ದಿನವೇ ಹೊದಿಕೆ ಸರಿಸಿ ಹಿಮ್ಮಡಿ, ಸೊಂಟ, ಬೆನ್ನಿನ ತಳಭಾಗಗಳನ್ನು ಬೆಳಕಿಗೆ ಹಿಡಿದು ನೋಡಿದಳು. ಎಡ ಹಿಮ್ಮಡಿ ಕೆಂಪಾಗಿತ್ತು. ಬೆರಳಿನಿಂದ ಒತ್ತಿ ಬಿಟ್ಟರೂ ಆ ಕೆಂಪು ಮಾಸಲಿಲ್ಲ. “ಇದು ಹುಣ್ಣಾಗೋ ಗುರುತು ಮೇಷ್ಟ್ರೇ” ಎಂದಳು. ಅಂದಿನಿಂದ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸುವುದು ತಪ್ಪಲಿಲ್ಲ, ರಾತ್ರಿಯಲ್ಲಿಯೂ. ಮಲಗಿದ್ದವರ ಬಾಯಿಗೆ ನಾನು ಗಂಜಿ ಹಾಕಲು ಹೋದಾಗ ಚಮಚವನ್ನೇ ಕಿತ್ತುಕೊಂಡಳು. ದಿಂಬಿಟ್ಟು ನೆಟ್ಟಗೆ ಕೂರಿಸಿ, ಒಂದು ಗುಟುಕು ಇಳಿದ ಮೇಲೆ ಇನ್ನೊಂದು ಕೊಟ್ಟು, ತಿಂದ ಮೇಲೆ ಅರ್ಧ ಗಂಟೆಯಾದರೂ ಹಾಗೆಯೇ ಕೂರಿಸಬೇಕು. ಇಲ್ಲವಾದರೆ ಅನ್ನ ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಬಿದ್ದ ಕೈಯನ್ನು ಹಿಡಿದು ಎಳೆದು ಎಬ್ಬಿಸಬಾರದು, ಭುಜದ ಕೀಲು ಜಾರುತ್ತದೆ. ಮೂತ್ರದ ಚೀಲವನ್ನು ಹಾಸಿಗೆಯ ಮೇಲಿಡದೆ ಕೆಳಗೆ ತೂಗುಹಾಕಬೇಕು. ನಿಮ್ಮ ಪಟ್ಟಿಯಲ್ಲಿ ಇವುಗಳಲ್ಲಿ ಒಂದಾದರೂ ಇದೆಯೇ? ನಾವು ಕೇಳುವುದೆಲ್ಲ ಕಳ್ಳತನ ಮಾಡದವಳೇ, ಯಾವ ಜಾತಿಯವಳು ಎಂಬುದನ್ನು.

ಇವೆಲ್ಲಕ್ಕಿಂತ ದೊಡ್ಡ ಗುಣವೊಂದನ್ನು ಆಕೆಯಲ್ಲಿ ಕಂಡೆ. ನೋಡಲು ಬಂದ ನೆಂಟರು ಮಂಚದ ಪಕ್ಕದಲ್ಲೇ ನಿಂತು, “ಊಟ ಮಾಡ್ತಾರಾ? ಗುರುತು ಹಿಡೀತಾರಾ?” ಎಂದು ಆಕೆಯನ್ನು ಕೇಳುತ್ತಿದ್ದರು. “ಅಮ್ಮನ್ನೇ ಕೇಳಿ, ಅವರಿಗೆ ಕಿವಿ ಕೇಳುತ್ತೆ” ಎನ್ನುತ್ತಿದ್ದಳು. ಬೆಳಗ್ಗೆ ಎರಡು ಸೀರೆ ಹಿಡಿದು, “ಯಾವುದು ಅಮ್ಮ?” ಎಂದು ಕೇಳಿ, ಎಡಗೈ ಮೇಲೇಳುವವರೆಗೆ ಕಾಯುತ್ತಿದ್ದಳು. ನಾನಾದರೋ ಹೆಂಡತಿಯ ಉತ್ತರಕ್ಕಾಗಿ ಅಷ್ಟು ಹೊತ್ತು ಕಾದವನೇ ಅಲ್ಲ, ಆಕೆ ಚೆನ್ನಾಗಿದ್ದ ಕಾಲದಲ್ಲಿಯೂ.

ಅಂಥವಳನ್ನು ನಾವು ಹೇಗೆ ನಡೆಸಿಕೊಂಡೆವು? ನಾಚಿಕೆಯಾದರೂ ಬರೆಯುತ್ತೇನೆ. ಮೊದಲ ಮೂರು ತಿಂಗಳು ಆಕೆಯ ಕಾಫಿಯ ಲೋಟ ಹಿತ್ತಲ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಪ್ರತ್ಯೇಕವಾಗಿ ಇರುತ್ತಿತ್ತು. ಇಟ್ಟವನು ನಾನೇ. ತರಗತಿಯಲ್ಲಿ ಸಮಾನತೆಯ ಬಗ್ಗೆ ನಾನು ಮಾಡಿದ ಭಾಷಣಗಳು ನಿಮಗೆ ನೆನಪಿದ್ದರೆ ಈಗ ನಗಬಹುದು. ನನ್ನ ಹೆಂಡತಿ ಒಂದು ದಿನ ತನ್ನ ಲೋಟವನ್ನೇ ಎಡಗೈಯಿಂದ ಆಕೆಯತ್ತ ತಳ್ಳಿದಾಗ ನನಗೆ ಅರ್ಥವಾಯಿತು. ಇನ್ನೊಮ್ಮೆ, ಊರಿನಲ್ಲಿ ಅತ್ತೆಗೆ ಸೀರಿಯಸ್ ಆಗಿದೆಯೆಂದು ಎರಡು ದಿನದ ರಜೆ ಕೇಳಿದಳು. “ನೀನು ಹೋದರೆ ಇವಳನ್ನು ನೋಡುವವರು ಯಾರು?” ಎಂದುಬಿಟ್ಟೆ. ಆಕೆಯ ಅತ್ತೆಯನ್ನು ನೋಡುವವರು ಯಾರು ಎಂಬ ಪ್ರಶ್ನೆ ನನ್ನ ತಲೆಗೆ ಹೊಳೆಯಲೇ ಇಲ್ಲ. ಕೊನೆಗೆ ಹೋದಳು. ಆ ಎರಡು ದಿನ ನನ್ನಿಂದ ಒಬ್ಬನೇ ಹೆಂಡತಿಯ ಮಗ್ಗುಲನ್ನೂ ಬದಲಾಯಿಸಲಾಗಲಿಲ್ಲ. ಪಕ್ಕದ ಮನೆಯವರನ್ನು ಕರೆದೆ.

ಉತ್ತರ ಕನ್ನಡದ ಹಳದೀಪುರದಿಂದ ಮುಂಬಯಿಗೆ ನರ್ಸ್ ಆಗಿ ಹೋದ ಅರುಣಾ ಶಾನಭಾಗರನ್ನು ನೆನೆಯಿರಿ. 1973ರಲ್ಲಿ ಆಸ್ಪತ್ರೆಯಲ್ಲಿಯೇ ನಡೆದ ಹಲ್ಲೆಯಿಂದ ಪ್ರಜ್ಞೆ ಕಳೆದುಕೊಂಡ ಅವರನ್ನು 2015ರ ಮೇ ತಿಂಗಳವರೆಗೆ ಕೆ.ಇ.ಎಂ. ಆಸ್ಪತ್ರೆಯ ನರ್ಸುಗಳು ಸರದಿಯಂತೆ ನೋಡಿಕೊಂಡರು. ದಶಕಗಳ ಕಾಲ ಮಲಗಿದ್ದರೂ ಅವರ ಮೈಮೇಲೆ ಹಾಸಿಗೆ ಹುಣ್ಣಾಗಲಿಲ್ಲವೆಂಬ ವಿಷಯ ದಯಾಮರಣದ ಮೊಕದ್ದಮೆಯಲ್ಲಿ ಪ್ರಸ್ತಾಪವಾಗಿ, 2011ರಲ್ಲಿ ಸುಪ್ರೀಂ ಕೋರ್ಟು ಆ ನರ್ಸುಗಳನ್ನು ಮನಸಾರೆ ಹೊಗಳಿತು. ಅವರಿಗೆ ಸರದಿಯಿತ್ತು, ರಜೆಯಿತ್ತು, ಪಿಂಚಣಿಯಿತ್ತು. ನಮ್ಮ ಮನೆಯ ಕೋಣೆಯಲ್ಲಿ ಒಬ್ಬಳೇ ಅದೇ ಕೆಲಸ ಮಾಡುವವಳಿಗೆ ಏನಿದೆ?

ಕಾನೂನಿನ ಮಾತನ್ನು ಬೇಗ ಹೇಳಿ ಮುಗಿಸುತ್ತೇನೆ. ತಂದೆತಾಯಿಯರ ಪೋಷಣೆಗೆ 2007ರಲ್ಲಿ ಕಾಯಿದೆ ಬಂದಿತು. ಅವರನ್ನು ಎತ್ತಿ ಇಳಿಸುವವಳ ಬಗ್ಗೆ ಅದು ಮೌನವಾಗಿದೆ. ಮನೆಗೆಲಸದವರಿಗೆ ಕನಿಷ್ಠ ವೇತನ ನಿಗದಿಪಡಿಸುವಲ್ಲಿ ನಮ್ಮ ಕರ್ನಾಟಕ 2004ರಷ್ಟು ಹಿಂದೆಯೇ ಮುಂದಾಗಿತ್ತು. ನಮ್ಮ ಬೀದಿಯಲ್ಲಿ ಅದನ್ನು ಕೇಳಿ ತಿಳಿದು ಸಂಬಳ ಕೊಟ್ಟವರನ್ನು ನಾನು ಕಂಡಿಲ್ಲ. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇವರಿಗಾಗಿ ಪ್ರತ್ಯೇಕ ಕಾನೂನು ಮಾಡುವುದನ್ನು ಪರಿಶೀಲಿಸಲು ಸಮಿತಿ ರಚಿಸುವಂತೆ ಕೇಂದ್ರಕ್ಕೆ ಸೂಚಿಸಿತು. ಆದರೆ ಲೋಟವನ್ನು ಒಳಗೆ ತರಲು ಯಾವ ಸಮಿತಿಯೂ ಬೇಕಿಲ್ಲ.

“ಈಗಿನ ಕಾಲದಲ್ಲಿ ಜನ ಸಿಗುವುದಿಲ್ಲ” ಎಂದು ನಮ್ಮ ಓರಗೆಯವರು ಭದ್ರಾ ಹೊಳೆಯ ದಂಡೆಯ ಮೇಲೆ ಕುಳಿತು ಗೊಣಗುತ್ತಾರೆ. ಇದು ಕಬ್ಬಿಣ ಮತ್ತು ಕಾಗದದ ಊರು. ಕಾಗದದ ಕಾರ್ಖಾನೆ 2015ರಲ್ಲಿ ನಿಂತಿತು, ಕಬ್ಬಿಣದ್ದು ಕುಂಟುತ್ತಿದೆ. ನಮ್ಮ ಮಕ್ಕಳು ಕೆಲಸ ಹುಡುಕಿಕೊಂಡು ಹೋದರು. ಗುತ್ತಿಗೆ ಕೆಲಸ ಕಳೆದುಕೊಂಡ ಮನೆಗಳ ಹೆಂಗಸರು ನಮ್ಮ ಮಂಚಗಳ ಪಕ್ಕಕ್ಕೆ ಬಂದರು. ಜನ ಸಿಗುತ್ತಾರೆ, ಒಂದು ತಿಂಗಳಿದ್ದು ಹೋಗುತ್ತಾರೆ. ಏಕೆ ಹೋಗುತ್ತಾರೆಂದು ಅವರನ್ನು ಕೇಳಿದವರು ಯಾರು? ಅವರಲ್ಲಿಯೂ ಒರಟರು, ಸೋಮಾರಿಗಳು ಇರುತ್ತಾರೆ, ಒಪ್ಪುತ್ತೇನೆ. ನಲವತ್ತು ಜನರ ತರಗತಿಯಲ್ಲಿಯೂ ಇದ್ದರು, ಸ್ಟಾಫ್ ರೂಮಿನಲ್ಲಿಯೂ ಇದ್ದರು.

ಫೋನ್ ಮಾಡಿದ ಆ ಶಿಷ್ಯನಿಗೆ ನಾನು ಹೇಳಿದ್ದು ಇದನ್ನೇ. ನಿನ್ನ ಪಟ್ಟಿ ಸಾಕು. ಈಗ ಆಕೆಯ ಪಟ್ಟಿಯನ್ನು ಬರೆದು ಕಳುಹಿಸು. ಎಲ್ಲಿ ಮಲಗುತ್ತಾಳೆ, ಏನು ಉಣ್ಣುತ್ತಾಳೆ, ವಾರದಲ್ಲಿ ಯಾವ ದಿನ ರಜೆ, ಆ ದಿನ ತಾಯಿಯ ಬಳಿ ಇರುವವರು ಯಾರು, ಆಕೆಗೇ ಜ್ವರ ಬಂದರೆ ಸಂಬಳ ಹಿಡಿಯುತ್ತೀಯೋ ಇಲ್ಲವೋ. ನನಗೆ ಗೊತ್ತಿರುವ ಇಬ್ಬರಿದ್ದಾರೆ. ಅವನ ಕಾಗದ ಬಂದ ಮೇಲೆ ಅವರನ್ನು ಕೇಳುತ್ತೇನೆ. ಈ ಬೆಳಗಿನವರೆಗೆ ಬಂದಿಲ್ಲ.