ಹೊಸ ಹುಟ್ಟು, ಹಳೆಯ ಪಂಕ್ತಿ

ಕ್ರಿಸ್ತನನ್ನು ನಂಬಿದವನು ಹೊಸ ಮನುಷ್ಯನಾಗುತ್ತಾನೆಂಬುದು ಕ್ರೈಸ್ತ ಧರ್ಮದ ಮೂಲೋಪದೇಶಗಳಲ್ಲಿ ಒಂದು. ದೀಕ್ಷಾಸ್ನಾನದ ಅರ್ಥವೂ ಅದೇ: ಹಳೆಯವನು ನೀರಿನಲ್ಲಿ ಮುಳುಗಿ ಸತ್ತನು; ಹೊಸಬನು ಎದ್ದು ಬಂದನು. ಈ ಮಾತನ್ನು ನಾವು ದೇವಾಲಯದಲ್ಲಿ ಕೇಳುತ್ತೇವೆ, ಮನೆಯಲ್ಲಿ ಮಕ್ಕಳಿಗೆ ಹೇಳಿಕೊಡುತ್ತೇವೆ. ಆದರೆ ಸತ್ತದ್ದು ಯಾವುದು, ಹುಟ್ಟಿದ್ದು ಯಾವುದು ಎಂದು ಯಾರಾದರೂ ಕೇಳಿದರೆ ಸ್ಪಷ್ಟವಾದ ಉತ್ತರ ಬರುವುದು ಅಪರೂಪ. ಗಡಿನಾಡಿನ ಕನ್ನಡ ಕ್ರೈಸ್ತರಲ್ಲಿ ಅನೇಕರು ಬಿಡಬೇಕಾದುದನ್ನು ಭದ್ರವಾಗಿ ಇಟ್ಟುಕೊಂಡು, ಇಟ್ಟುಕೊಳ್ಳಬೇಕಾದುದನ್ನು ಬೀದಿಗೆ ಎಸೆಯುತ್ತಿದ್ದಾರೆಂಬುದು ನಮ್ಮ ಆಕ್ಷೇಪ. ಬಿಡಬೇಕಾದುದು ಜಾತಿ, ಇಟ್ಟುಕೊಳ್ಳಬೇಕಾದುದು ಭಾಷೆ.

ಈ ವಿಷಯದಲ್ಲಿ ನಮಗೆ ಎದುರಾಳಿಗಳು ಎರಡು ಕಡೆಯವರು. ಮತಾಂತರವೆಂದರೆ ರಾಷ್ಟ್ರಾಂತರವೇ, ಶಿಲುಬೆಗೆ ಕೈಮುಗಿದವನು ಕನ್ನಡಮ್ಮನ ಮಡಿಲಿನಿಂದ ಇಳಿದವನೇ ಎಂದು ಹೊರಗಿನ ಕೆಲವರು ಹೇಳುತ್ತಾರೆ. ಮಗುವಿಗೆ ಸಮುದ್ರದಾಚೆಯ ಹೆಸರಿಟ್ಟು, ಆರಾಧನೆಯನ್ನು ಇಂಗ್ಲಿಷಿನಲ್ಲಿ ನಡೆಸಿ, ಕನ್ನಡದ ಕೀರ್ತನೆಯನ್ನು ಅಜ್ಜಿಯರ ಪಾಲಿಗೆ ಬಿಟ್ಟರೆ ಹೊಸ ಹುಟ್ಟು ಪೂರ್ಣವಾಯಿತೆಂದು ಒಳಗಿನ ಕೆಲವರು ತಿಳಿದಿದ್ದಾರೆ. ಇವರಿಬ್ಬರೂ ಪರಸ್ಪರ ವಿರೋಧಿಗಳೆಂದು ಕಾಣುತ್ತಾರೆ. ವಾಸ್ತವದಲ್ಲಿ ಇಬ್ಬರ ವಾದವೂ ಒಂದೇ: ಕ್ರೈಸ್ತನಾಗಬೇಕಾದರೆ ಪರದೇಶಿಯಾಗಬೇಕು! ಮೊದಲನೆಯವರು ಅದನ್ನು ದೂಷಣೆಯಾಗಿ ಹೇಳುತ್ತಾರೆ, ಎರಡನೆಯವರು ಹೆಮ್ಮೆಯಾಗಿ ಆಚರಿಸುತ್ತಾರೆ. ಒಬ್ಬರ ಬಾಯಿಗೆ ಇನ್ನೊಬ್ಬರು ತುತ್ತು ಹಾಕುತ್ತಿದ್ದಾರೆ.

ಈ ಪ್ರಶ್ನೆ ಹೊಸದಲ್ಲ. ಕ್ರೈಸ್ತ ಸಭೆ ಹುಟ್ಟಿ ಇಪ್ಪತ್ತು ವರ್ಷ ತುಂಬುವ ಮೊದಲೇ, ಸುಮಾರು ಕ್ರಿ.ಶ. 49ರಲ್ಲಿ, ಯೆರೂಸಲೇಮಿನಲ್ಲಿ ಸೇರಿದ ಅಪೊಸ್ತಲರ ಮುಂದೆ ಇದೇ ಪ್ರಶ್ನೆ ಬಂದಿತ್ತು. ಯೆಹೂದ್ಯನಲ್ಲದವನು ಕ್ರಿಸ್ತನನ್ನು ನಂಬಿದರೆ ಅವನು ಸುನ್ನತಿ ಮಾಡಿಸಿಕೊಂಡು ಮೊದಲು ಯೆಹೂದ್ಯನಾಗಬೇಕೆ? ಆಗಲೇಬೇಕೆಂದು ಹಟ ಹಿಡಿದವರು ಸಭೆಯೊಳಗೇ ಇದ್ದರು. ಬಹಳ ವಾದವಾದ ಮೇಲೆ ಆಗಬೇಕಾಗಿಲ್ಲವೆಂದು ತೀರ್ಮಾನವಾಯಿತು. ವಿಗ್ರಹಾರ್ಪಿತ ಆಹಾರ, ಜಾರತ್ವ ಮುಂತಾದ ಕೆಲವನ್ನು ಮಾತ್ರ ವರ್ಜಿಸಬೇಕೆಂದು ಪತ್ರ ಬರೆದು ಕಳುಹಿಸಲಾಯಿತು. ಗ್ರೀಕನು ಗ್ರೀಕನಾಗಿದ್ದುಕೊಂಡೇ ವಿಶ್ವಾಸಿಯಾಗಬಹುದಾಯಿತು. ಕ್ರಿಸ್ತನು ಹುಟ್ಟಿದ ಕುಲದ ಆಚಾರವನ್ನೇ ಹೊರಬೇಕಾಗಿಲ್ಲವೆಂದು ಅಪೊಸ್ತಲರು ಹೇಳಿರುವಾಗ, ಸುವಾರ್ತೆಯನ್ನು ಹಡಗಿನಲ್ಲಿ ತಂದವರ ಉಡುಪನ್ನೂ ನುಡಿಯನ್ನೂ ಕನ್ನಡಿಗನು ಹೊರಬೇಕೆಂದು ವಿಧಿಸುವವರು ಯಾರು?

ಹೆಸರಿನ ಮಾತನ್ನೇ ತೆಗೆದುಕೊಳ್ಳೋಣ. ದೀಕ್ಷೆಯಾದೊಡನೆ ಸೌಲನು ಪೌಲನಾದನೆಂದು ಭಾನುವಾರದ ಪಾಠಶಾಲೆಯಲ್ಲಿ ಹೇಳಿಕೊಡುವವರು ಇಂದಿಗೂ ಇದ್ದಾರೆ. ಗ್ರಂಥವು ಹಾಗೆ ಹೇಳುವುದಿಲ್ಲ. ದಮಸ್ಕದ ದಾರಿಯ ದರ್ಶನವಾಗಿ ಎಷ್ಟೋ ಕಾಲದ ಮೇಲೆ, ಕುಪ್ರದ್ವೀಪದ ಪ್ರಸಂಗದಲ್ಲಿ, ಅವನಿಗೆ ಪೌಲನೆಂಬ ಹೆಸರೂ ಉಂಟೆಂದು ಮೊದಲ ಸಲ ತಿಳಿಯುತ್ತದೆ. ರೋಮ್ ರಾಜ್ಯದ ಪೌರನಾಗಿದ್ದ ಯೆಹೂದ್ಯನಿಗೆ ಎರಡು ಹೆಸರುಗಳಿದ್ದುದು ಅಷ್ಟೆ. ಆದಿಸಭೆಯ ಮಹಾವಾಗ್ಮಿಯಾದ ಅಪೊಲ್ಲೋಸನ ಹೆಸರಿನಲ್ಲಿ ಗ್ರೀಕರ ಅಪೋಲೋ ದೇವನಿದ್ದಾನೆ. ಪೌಲನು ಹೊಗಳಿದ ಸೇವಕಿ ಫೊಯಿಬೆಯದು ಗ್ರೀಕ್ ಪುರಾಣದ ದೇವತೆಯ ಹೆಸರು. ರೋಮಾಪುರದ ಸಭೆಗೆ ವಂದನೆ ಹೇಳುವಾಗ ಹರ್ಮೆಯೆಂಬ ವಿಶ್ವಾಸಿಯ ಹೆಸರೂ ಬರುತ್ತದೆ; ಅದೂ ದೇವತಾನಾಮವೇ. ಆ ಹೆಸರುಗಳನ್ನು ಬದಲಿಸಿರೆಂದು ಪೌಲನು ಬರೆಯಲಿಲ್ಲ. ಪಂಚಾಶತ್ತಮ ದಿನದಲ್ಲಿ ನೆರೆದ ಜನರು ಒಬ್ಬೊಬ್ಬರೂ ತಮ್ಮ ತಮ್ಮ ಹುಟ್ಟುನುಡಿಯಲ್ಲಿ ದೇವರ ಮಾತನ್ನು ಕೇಳಿದರೆಂದು ಅದೇ ಗ್ರಂಥ ಹೇಳುತ್ತದೆ. ಎಲ್ಲರಿಗೂ ಒಂದೇ ಭಾಷೆ ಬಂದುಬಿಟ್ಟಿತೆಂದು ಹೇಳುವುದಿಲ್ಲ.

ಕನ್ನಡನಾಡಿನ ಚರಿತ್ರೆಯೂ ಇದಕ್ಕೆ ಸಾಕ್ಷಿ. 1843ರ ಜುಲೈ 1ರಂದು ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ ಕಲ್ಲಚ್ಚಿನಲ್ಲಿ ಹೊರತಂದ ‘ಮಂಗಳೂರ ಸಮಾಚಾರ’ವೇ ಕನ್ನಡದ ಮೊದಲ ವೃತ್ತಪತ್ರಿಕೆ. ಅವನೇ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನು ಅಚ್ಚು ಹಾಕಿಸಿದನು. ಫರ್ಡಿನಾಂಡ್ ಕಿಟ್ಟೆಲನು 1862ರಲ್ಲಿ ಯೇಸುವಿನ ಚರಿತ್ರೆಯನ್ನು ಕನ್ನಡದ ದೇಸೀ ಛಂದಸ್ಸುಗಳಲ್ಲಿ ‘ಕಥಾಮಾಲೆ’ಯಾಗಿ ಕಟ್ಟಿದನು. 1894ರಲ್ಲಿ ಅವನ ನಿಘಂಟು ಹೊರಬಂದಿತು. ಜರ್ಮನ್ನರು ಕನ್ನಡ ಕಲಿತರು, ಅದರಿಂದೇನಾಯಿತು, ಅವರು ಕಲಿತದ್ದು ಮತಪ್ರಚಾರಕ್ಕಾಗಿ ಎಂದು ಕೆಲವರು ಮೂಗು ಮುರಿದಾರು. ಇರಲಿ. ಕನ್ನಡದ ಮಣ್ಣಿನಲ್ಲೇ ಹುಟ್ಟಿದವರನ್ನು ನೋಡೋಣ. 1844ರಲ್ಲಿ ಮಂಗಳೂರಿನಲ್ಲಿ ದೀಕ್ಷೆ ಪಡೆದ ಸಾರಸ್ವತ ತರುಣ ಆನಂದರಾವ್ ಕೌಂಡಿನ್ಯನ ಹೆಸರಿನ ಮುಂದೆ ಹರ್ಮನ್ ಎಂಬುದು ಸೇರಿತು. ಹಳೆಯ ಹೆಸರು ಅಳಿಯಲಿಲ್ಲ. ಕೊಡಗಿನ ಆನಂದಪುರ ಇಂದಿಗೂ ಆ ಹೆಸರನ್ನು ನೆನಪಿಗೆ ತರುತ್ತದೆ. ಧಾರವಾಡದ ರೆವರೆಂಡ್ ಉತ್ತಂಗಿ ಚನ್ನಪ್ಪನವರು ಊರೂರು ಅಲೆದು ಸರ್ವಜ್ಞನ ವಚನಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದರು. 1949ರಲ್ಲಿ ಕಲಬುರ್ಗಿಯಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಳನ ಈ ಸಭಾಪಾಲಕರನ್ನು ತನ್ನ ಅಧ್ಯಕ್ಷಪೀಠದಲ್ಲಿ ಕುಳ್ಳಿರಿಸಿತು. ಚನ್ನಪ್ಪ ಎಂಬ ಹೆಸರು ಅವರ ವಿಶ್ವಾಸಕ್ಕೆ ಕುಂದು ತರಲಿಲ್ಲ. ಅವರ ವಿಶ್ವಾಸ ಅವರ ಕನ್ನಡಕ್ಕೆ ಕುಂದು ತರಲಿಲ್ಲ. ಮತಾಂತರವೇ ರಾಷ್ಟ್ರಾಂತರವೆನ್ನುವವರು ಉತ್ತಂಗಿಯವರನ್ನು ಯಾವ ರಾಷ್ಟ್ರಕ್ಕೆ ಸೇರಿಸುತ್ತಾರೆ?

ಇಷ್ಟು ಉಳಿಸಿಕೊಳ್ಳಬೇಕಾದುದರ ಮಾತು. ಇನ್ನು ಬಿಡಬೇಕಾದುದರ ಮಾತು. ಇದು ಹೆಚ್ಚು ಕಹಿ.

ಅಂತಿಯೋಕ್ಯದಲ್ಲಿ ಪೇತ್ರನು ಯೆಹೂದ್ಯರಲ್ಲದ ವಿಶ್ವಾಸಿಗಳೊಡನೆ ಒಂದೇ ಪಂಕ್ತಿಯಲ್ಲಿ ಕುಳಿತು ಊಟ ಮಾಡುತ್ತಿದ್ದನು. ಯೆರೂಸಲೇಮಿನಿಂದ ಕೆಲವರು ಬಂದೊಡನೆ ಅವರಿಗೆ ಅಂಜಿ ಪಂಕ್ತಿಯಿಂದ ಹಿಂದೆ ಸರಿದನು. ಪೌಲನು ಎಲ್ಲರ ಎದುರಿನಲ್ಲಿಯೇ ಅವನನ್ನು ಖಂಡಿಸಿದನೆಂದು ಗಲಾತ್ಯದವರಿಗೆ ಬರೆದ ಪತ್ರದಲ್ಲಿದೆ. ವಾಚಕರು ಗಮನಿಸಬೇಕು: ಪೇತ್ರನು ಉಪದೇಶದಲ್ಲಿ ಏನನ್ನೂ ತಪ್ಪು ಹೇಳಿರಲಿಲ್ಲ. ಅವನು ಎದ್ದುಹೋದದ್ದು ಊಟದ ಎಲೆಯಿಂದ. ಪಂಕ್ತಿಭೇದವನ್ನೇ ಪೌಲನು ಸುವಾರ್ತೆಯ ಸತ್ಯಕ್ಕೆ ಬಂದ ಅಪಾಯವೆಂದು ಕಂಡನು. ಪಂಕ್ತಿಭೇದವೆಂದರೇನೆಂದು ಭಾರತದವರಿಗೆ ಟೀಕೆ ಬರೆದು ತಿಳಿಸಬೇಕಾಗಿಲ್ಲ. ಓಡಿಹೋದ ದಾಸನಾದ ಒನೇಸಿಮನನ್ನು ದಾಸನಂತಲ್ಲ, ಸಹೋದರನಂತೆ ಸೇರಿಸಿಕೊಳ್ಳಬೇಕೆಂದು ಪೌಲನು ಫಿಲೆಮೋನನಿಗೆ ಬರೆದನು. ಉಂಗುರ ತೊಟ್ಟವನಿಗೆ ಒಳ್ಳೆಯ ಪೀಠ, ಹರಕು ಬಟ್ಟೆಯವನಿಗೆ ಕಾಲಬಳಿಯ ನೆಲ ತೋರಿಸುವ ಸಭೆಯನ್ನು ಯಾಕೋಬನು ತನ್ನ ಪತ್ರದಲ್ಲಿ ಹಿಡಿದು ನಿಲ್ಲಿಸಿದನು. ಹೊಸ ಹುಟ್ಟಿನ ಪರೀಕ್ಷೆ ಬಾಯಲ್ಲಿ ಹೇಳುವ ವಿಶ್ವಾಸಪ್ರಮಾಣದಲ್ಲಿಲ್ಲ. ಎಲೆಯ ಮುಂದೆ, ಪೀಠದ ಮುಂದೆ, ಮದುವೆಯ ಮಾತುಕತೆಯ ಮುಂದೆ ಇದೆ.

ಭಾರತದ ಸಭೆಗಳಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ 1833ರಲ್ಲಿಯೇ ಸಭೆಯೊಳಗೆ ಜಾತಿಭೇದವನ್ನು ಒಡನೆ ಬಿಡಬೇಕೆಂದು ಆಜ್ಞೆ ಹೊರಡಿಸಿದನು; ತಂಜಾವೂರಿನ ಕಡೆ ಎಷ್ಟೋ ಮಂದಿ ಆಜ್ಞೆಗಿಂತ ಜಾತಿಯೇ ಮೇಲೆಂದು ಸಭೆಯಿಂದ ಹೊರಬಿದ್ದರು. ಬಾಸೆಲ್ ಮಿಶನ್ನಿನವರು ಜಾತಿಯನ್ನು ಬಿಡದವನಿಗೆ ದೀಕ್ಷೆಯಿಲ್ಲವೆಂದರು. ಜಾತಿ ಬಿಟ್ಟವನಿಗೆ ಮನೆಯೂ ಕಸುಬೂ ಒಟ್ಟಿಗೆ ಹೋಗುತ್ತಿದ್ದವು. ಆದುದರಿಂದಲೇ ಮಂಗಳೂರಿನಲ್ಲಿ ನೇಯ್ಗೆಯ ಕಾರ್ಖಾನೆ ಎದ್ದಿತು. 1865ರಲ್ಲಿ ಹೆಂಚಿನ ಕಾರ್ಖಾನೆ ಎದ್ದಿತು. ಇಂದು ಕರಾವಳಿಯ ಮನೆಗಳ ಮೇಲೆ ಕಾಣುವ ಕೆಂಪು ಹೆಂಚಿನ ಹಿಂದೆ, ನಂಬಿಕೆಗಾಗಿ ಕುಲದ ಕಸುಬು ಕಳೆದುಕೊಂಡವರ ಬೆವರೂ ಇದೆ. ಜಾತಿ ಬಿಡುವುದಕ್ಕೆ ಅವರು ತೆತ್ತ ಬೆಲೆ ಅದು.

ಆ ಬೆಲೆ ತೆತ್ತವರ ಮೊಮ್ಮಕ್ಕಳ ಮಕ್ಕಳಲ್ಲಿ ಕೆಲವರು ಇಂದು ಮಾಡುತ್ತಿರುವುದೇನು? ಕ್ರೈಸ್ತ ಪತ್ರಿಕೆಗಳ ವಧೂವರರ ಜಾಹೀರಾತುಗಳಲ್ಲಿ ಮೂಲ ಕುಲದ ಸೂಚನೆ ಮುಚ್ಚುಮರೆಯಿಲ್ಲದೆ ಅಚ್ಚಾಗುತ್ತದೆ. ತಮಿಳುನಾಡಿನ ತಿರುಚಿರಾಪಳ್ಳಿಯಲ್ಲಿ ಕ್ರೈಸ್ತರ ಸ್ಮಶಾನದೊಳಗೆ ಜಾತಿಗಾಗಿ ಗೋಡೆ ಎದ್ದುದು ದೇಶಕ್ಕೆಲ್ಲ ತಿಳಿದ ಸಂಗತಿ. ಪುನರುತ್ಥಾನವನ್ನು ನಂಬುವವರು ಸತ್ತವರ ನಡುವೆ ಗೋಡೆ ಕಟ್ಟಿದರೆ, ಏಳುವಾಗ ಯಾವ ಬಾಗಿಲಿನಿಂದ ಏಳಬೇಕೆಂದು ಅವರ ಎಣಿಕೆ? 1950ರ ಅನುಸೂಚಿತ ಜಾತಿಗಳ ಆದೇಶದಂತೆ ದಲಿತನು ಕ್ರೈಸ್ತನಾದರೆ ಆ ಪಟ್ಟಿಯಿಂದ ಹೊರಗಾಗುತ್ತಾನೆ. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ದೊರೆತ ತಿದ್ದುಪಡಿ ಕ್ರೈಸ್ತರಿಗೆ ದೊರೆಯಲಿಲ್ಲ. ಕ್ರೈಸ್ತರಲ್ಲಿ ಜಾತಿಯಿಲ್ಲವೆಂದು ಕಾಯಿದೆ ಹೇಳುತ್ತದೆ; ಇದೆಯೆಂದು ಸಭೆಯ ನಡತೆ ಹೇಳುತ್ತದೆ. ಎರಡರ ನಡುವೆ ಜಜ್ಜಿಹೋಗುವವನು ಬಡ ವಿಶ್ವಾಸಿ. ಅವನ ಪರವಾಗಿ ಸರಕಾರದ ಬಾಗಿಲು ತಟ್ಟುವುದು ನ್ಯಾಯವೇ ಸರಿ. ಆದರೆ ತಟ್ಟುವ ಕೈ ಮೊದಲು ಅವನ ಮನೆಯಿಂದ ಸೊಸೆಯನ್ನು ತಂದ ಕೈಯಾಗಿರಲಿ.

ಈಗ ಗಡಿನಾಡಿಗೆ ಬರೋಣ. 1956ರ ನವೆಂಬರ್ 1ರಂದು ರಾಜ್ಯಗಳ ಗೆರೆ ಎಳೆದಾಗ ಕಾಸರಗೋಡಿನಂಥ ಸೀಮೆಗಳಲ್ಲಿ ಕನ್ನಡಿಗರು ಭಾಷಾ ಅಲ್ಪಸಂಖ್ಯಾತರಾದರು. ಸಂವಿಧಾನದ 30ನೆಯ ಅನುಚ್ಛೇದವು ಮತದಿಂದಾಗಲಿ ಭಾಷೆಯಿಂದಾಗಲಿ ಅಲ್ಪಸಂಖ್ಯಾತರಾದವರಿಗೆ ತಮ್ಮ ಇಚ್ಛೆಯ ವಿದ್ಯಾಸಂಸ್ಥೆಗಳನ್ನು ನಡೆಸುವ ಹಕ್ಕನ್ನು ಕೊಟ್ಟಿದೆ. 350-ಎ ಅನುಚ್ಛೇದವು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಪಾಠ ದೊರೆಯುವಂತೆ ಅನುಕೂಲ ಒದಗಿಸಬೇಕೆನ್ನುತ್ತದೆ. ಗಡಿನಾಡಿನ ಕನ್ನಡ ಕ್ರೈಸ್ತನು ಎರಡು ಬಗೆಯಲ್ಲೂ ಅಲ್ಪಸಂಖ್ಯಾತನು. ಅವನ ಹಕ್ಕಿಗೆ ಎರಡು ಬೇರುಗಳಿವೆ. ಆದರೂ ಮತದ ಹೆಸರಿನಲ್ಲಿ ಹಕ್ಕನ್ನು ಪಡೆದು, ಶಾಲೆ ತೆರೆದು, ಅದರ ಹೊಸ್ತಿಲಲ್ಲಿಯೇ ಕನ್ನಡವನ್ನು ನಿಲ್ಲಿಸಿ ಒಳಗೆ ಇಂಗ್ಲಿಷನ್ನು ಮಾತ್ರ ಕರೆದುಕೊಳ್ಳುವವರು ನಮ್ಮವರಲ್ಲಿಯೇ ಇದ್ದಾರೆ. ಒಂದು ಬೇರಿಗೆ ನೀರೆರೆದು ಇನ್ನೊಂದನ್ನು ಕಡಿದರೆ ಗಿಡ ಓಲದೆ ಏನು ಮಾಡೀತು?

ಅನ್ನಕ್ಕೆ ಇಂಗ್ಲಿಷು ಬೇಕಲ್ಲವೇ ಎಂದು ಕೇಳುವ ತಂದೆತಾಯಿಗಳನ್ನು ನಾವು ಹೀಗಳೆಯುವುದಿಲ್ಲ. ಅನ್ನದ ಚಿಂತೆ ಸಣ್ಣದಲ್ಲ. ಇಂಗ್ಲಿಷನ್ನು ಚೆನ್ನಾಗಿ ಕಲಿಯಲಿ, ನೆಲೆಸಿರುವ ರಾಜ್ಯದ ಭಾಷೆಯನ್ನೂ ಕಲಿಯಲಿ. ಆದರೆ ಕನ್ನಡ ಓದಲಾರದ ಮಗು ಅಜ್ಜನ ಸತ್ಯವೇದವನ್ನು ತೆರೆಯಲಾರದು. ಕೀರ್ತನೆಯ ಪುಸ್ತಕ ಅದಕ್ಕೆ ಬರಿಯ ಕಪ್ಪು ಗೆರೆಗಳ ಕಟ್ಟು. ಉತ್ತಂಗಿಯವರು ಕೂಡಿಸಿಕೊಟ್ಟ ಸರ್ವಜ್ಞನೂ ಅದಕ್ಕೆ ಮೂಕನು. ಮಗು ಪ್ರಾರ್ಥಿಸುವ ಭಾಷೆಯೊಂದು, ಅಳುವ ಭಾಷೆಯೊಂದು ಆದಾಗ ಪ್ರಾರ್ಥನೆ ಪಾಠ ಒಪ್ಪಿಸುವಂತಾಗುತ್ತದೆ. ವಿಶ್ವಾಸ ಬೆಳೆಯಬೇಕೆನ್ನುವವರೇ ಈ ನಷ್ಟಕ್ಕೆ ಮೊದಲು ಬೆಚ್ಚಬೇಕಾಗಿತ್ತು.

ಕನ್ನಡ ಶಾಲೆಗಳ ಉಪಾಧ್ಯಾಯ ಬಂಧುಗಳಲ್ಲಿ, ಅವರು ಯಾವ ಮತದವರೇ ಆಗಿರಲಿ, ನಮ್ಮದೊಂದು ಬಿನ್ನಹ: ತರಗತಿಯಲ್ಲಿ ಕುಳಿತ ಕ್ರೈಸ್ತ ಬಾಲಕನನ್ನು ಕನ್ನಡಕ್ಕೆ ನೆಂಟನಾಗಿ ಬಂದವನೆಂದು ಕಾಣಬೇಡಿರಿ, ಅವನು ಮನೆಯ ಮಗ. ಕಿಟ್ಟೆಲ್ ಪಾಠ ಹೇಳುವ ದಿನ ಉತ್ತಂಗಿಯವರ ಪಾಠವನ್ನೂ ಹೇಳಿರಿ. ಸಭಾಪಾಲಕರೂ ಹಿರಿಯರೂ ಭಾನುವಾರದ ಪಾಠಶಾಲೆಯಲ್ಲಿ ಕನ್ನಡದ ಅಕ್ಷರಗಳನ್ನು ಕಲಿಸಲಿ. ಮದುವೆಯ ಮಾತಿನಲ್ಲಿ ಕುಲ ಕೇಳುವವರ ಮನೆಗೆ ಆಶೀರ್ವಾದ ಕೊಡಲು ಹೋಗುವ ಮೊದಲು ಅಂತಿಯೋಕ್ಯದ ಪಂಕ್ತಿಯನ್ನು ನೆನೆಯಲಿ. ವಿದ್ಯಾರ್ಥಿ ಮಿತ್ರರೇ, ನಿಮ್ಮ ಹೆಸರು ಜಾನ್ ಆಗಿರಲಿ, ಚನ್ನಪ್ಪನಾಗಿರಲಿ, ನಾಚಬೇಡಿರಿ. ಮಧ್ಯಾಹ್ನದ ಊಟಕ್ಕೆ ಯಾರ ಪಕ್ಕದಲ್ಲಿ ಕುಳಿತುಕೊಳ್ಳುತ್ತೀರೆಂಬುದನ್ನು ಮಾತ್ರ ನೋಡಿಕೊಳ್ಳಿರಿ. ನಮ್ಮ ಈ ಮಾತಿಗೆ ಎದುರುಮಾತು ಉಳ್ಳವರು ಇದೇ ಪುಟಗಳಲ್ಲಿ ಬರೆಯಲಿ. ಉತ್ತರ ಕೊಡಲು ನಾವು ಸಿದ್ಧರಿದ್ದೇವೆ.