ಹದಿನೆಂಟು ಮೀಟರಿನ ಕೆಳಗೆ

ಕಳೆದ ಮಾರ್ಚ್ ತಿಂಗಳ ಒಂದು ರಾತ್ರಿ, ಊಟ ಮುಗಿಸಿ ಉತ್ತರಪತ್ರಿಕೆಗಳ ಕಟ್ಟನ್ನು ಬಿಚ್ಚುವ ಹೊತ್ತಿಗೆ, ಅಂಡಮಾನಿನಿಂದ ನಮ್ಮ ಸೋದರಳಿಯನು ದೂರವಾಣಿಯಲ್ಲಿ ಕರೆದನು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಈ ಹುಡುಗನು ರಜೆ ಪಡೆದು, 2018ರವರೆಗೆ ಹ್ಯಾವ್ಲಾಕ್ ಎನಿಸಿದ್ದು ಈಗ ಸ್ವರಾಜ್ ದ್ವೀಪವೆಂದು ಕರೆಯಲ್ಪಡುವ ದ್ವೀಪಕ್ಕೆ ತೆರಳಿ, ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಕಡಲೊಳಗೆ ಇಳಿಯುವ ವಿದ್ಯೆಯನ್ನು, ಅಂದರೆ ಸ್ಕೂಬಾ ಡೈವಿಂಗನ್ನು, ಕಲಿಯುತ್ತಿದ್ದನು. ಮೊದಲ ಹಂತದ ತರಬೇತಿಯು ಅಂದೇ ಮುಗಿದು, ಜೊತೆಗಾರನೊಂದಿಗೆ 18 ಮೀಟರಿನ ಆಳದವರೆಗೆ ಇಳಿಯಬಹುದೆಂಬ ಅರ್ಹತೆ ಕೈಸೇರಿತ್ತು. ಮರುದಿನವೇ ಮುಂದಿನ ತರಗತಿಗೆ ಸೇರಿದರೆ, ಎರಡು ದಿನಗಳಲ್ಲಿ 30 ಮೀಟರಿನ ಅರ್ಹತೆಯೂ ದೊರೆಯುವುದೆಂದು ಅಲ್ಲಿಯವರು ತಿಳಿಸಿದ್ದರು. ಸೇರಬೇಕೋ ಬಿಡಬೇಕೋ ಎಂಬುದನ್ನು ರಾತ್ರಿಯೊಳಗೆ ಹೇಳಬೇಕಿತ್ತು.

"ಮಾವ, ನೀವು ಮೂವತ್ತು ವರ್ಷ ಪಾಠ ಹೇಳಿದವರು. ಏನು ಮಾಡಲಿ?"

ನಾವು ಊರಿನ ಮದಕದಲ್ಲಿ ಈಜು ಕಲಿತವರೇ ಹೊರತು ಕಡಲಿನ ಆಳವನ್ನು ಕಂಡವರಲ್ಲ. ಆದರೂ ಕಲಿಕೆಯ ವಿಷಯವಾದುದರಿಂದ ಕೆಲವು ಪ್ರಶ್ನೆಗಳನ್ನು ಕೇಳಿದೆವು. ನಿನ್ನ ಸಿಲಿಂಡರಿನಲ್ಲಿ ಗಾಳಿ ಎಷ್ಟು ಉಳಿದಿದೆಯೆಂಬುದು ಮೀಟರು ನೋಡುವ ಮುನ್ನವೇ ನಿನಗೆ ಅಂದಾಜಾಗುತ್ತದೆಯೇ? ಜೊತೆಗಾರನು ಎಲ್ಲಿದ್ದಾನೆಂದು ನೀನು ನೋಡುತ್ತೀಯೋ, ಅವನೇ ನಿನ್ನನ್ನು ಹುಡುಕಿಕೊಂಡು ಬರುತ್ತಾನೋ? ಕನ್ನಡಕದೊಳಗೆ ನೀರು ಹೊಕ್ಕಾಗ ಇದ್ದಲ್ಲಿಯೇ ಇದ್ದು ಅದನ್ನು ಹೊರಗೆ ಹಾಕಬಲ್ಲೆಯಾ?

ಮೂರನೆಯ ಪ್ರಶ್ನೆಗೆ ಅವನು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಬಳಿಕ, "ಅಮ್ಮನಿಗೆ ಹೇಳಬೇಡಿ ಮಾವ" ಎಂದು ಆರಂಭಿಸಿದನು. ಎರಡನೆಯ ಇಳಿತದಲ್ಲಿ, ಸುಮಾರು 10 ಮೀಟರಿನಲ್ಲಿ, ಮೂಗಿಗೆ ನೀರು ನುಗ್ಗಿದೊಡನೆ ಎಲ್ಲವನ್ನೂ ಮರೆತು ಮೇಲಕ್ಕೆ ಚಿಮ್ಮಲು ಹೊರಟಿದ್ದನಂತೆ. ಶಿಕ್ಷಕರು ಅವನ ಜಾಕೆಟನ್ನು ಹಿಡಿದು ನಿಲ್ಲಿಸಿ, ಅಲ್ಲಿಯೇ ಸಮಾಧಾನಪಡಿಸಿ, ಮರುದಿನ ಅದನ್ನೇ ಐದಾರು ಸಲ ಮಾಡಿಸಿ ತೇರ್ಗಡೆ ಮಾಡಿದ್ದರು. (ಈ ಪುಟವನ್ನು ನಮ್ಮ ತಂಗಿಯೂ ಓದುತ್ತಾಳೆ. ಸಂಗತಿಯನ್ನು ಅವನೇ ಆಕೆಗೆ ತಿಳಿಸಿಯಾಗಿದೆ. ನಾವು ಮಾತು ಮುರಿದವರಲ್ಲ.)

ಅವನ ಅಂಜಿಕೆಯನ್ನು ಸಣ್ಣದೆನ್ನಲಾಗದು. ಕಡಲಿನಲ್ಲಿ ಪ್ರತಿ 10 ಮೀಟರು ಇಳಿದಂತೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. ನೆಲದ ಮೇಲೆ ಒಂದಿದ್ದುದು 10 ಮೀಟರಿನಲ್ಲಿ ಎರಡು, 30 ಮೀಟರಿನಲ್ಲಿ ನಾಲ್ಕು. 10 ಮೀಟರಿನಲ್ಲಿ ಎದೆ ತುಂಬ ಎಳೆದುಕೊಂಡ ಉಸಿರನ್ನು ಬಿಗಿಹಿಡಿದು ಮೇಲೇರಿದರೆ, ಆ ಗಾಳಿಯು ನೀರಿನ ಮೇಲ್ಮೈಗೆ ಬರುವಷ್ಟರಲ್ಲಿ ಇಮ್ಮಡಿಯಾಗಲು ಹವಣಿಸಿ ಶ್ವಾಸಕೋಶವನ್ನೇ ಹರಿಯಬಹುದು. ಆದಕಾರಣವೇ ಉಸಿರನ್ನು ಹಿಡಿಯಬಾರದೆಂಬುದು ಈ ವಿದ್ಯೆಯ ಮೊದಲನೆಯ ನಿಯಮ. ಇನ್ನು ಗಾಳಿಯ ಲೆಕ್ಕವನ್ನು ನೋಡೋಣ. ನೆಲದ ಮೇಲೆ 60 ನಿಮಿಷ ಸಾಲುವ ಗಾಳಿಯು 30 ಮೀಟರಿನಲ್ಲಿ 15 ನಿಮಿಷಕ್ಕೆ ಮುಗಿಯುತ್ತದೆ. ಗಾಬರಿಯಿಂದ ಏದುಸಿರು ಬಿಡುವವನಿಗೆ ಅಷ್ಟೂ ಇಲ್ಲ. ಅಷ್ಟು ಆಳದಲ್ಲಿ ಸಾರಜನಕದ ದೆಸೆಯಿಂದ ಕೆಲವರಿಗೆ ಅಮಲಿನಂತಹ ಮಂಕು ಕವಿಯುವುದೂ ಉಂಟು. 12 ಮೀಟರಿನಲ್ಲಿ ಜೊತೆಗಾರರ ಸಿಲಿಂಡರು ಅರ್ಧ ಉಳಿದಿರುವಾಗ ನಮ್ಮ ಹುಡುಗನದು ಕಾಲುಭಾಗಕ್ಕೆ ಇಳಿದಿತ್ತೆಂದು ಅವನೇ ಒಪ್ಪಿದನು.

ಹೀಗಿದ್ದೂ ಮರುದಿನವೇ ಸೇರುವುದಕ್ಕೆ ನಿಯಮದ ಅಡ್ಡಿಯೇನೂ ಇರಲಿಲ್ಲ. 1966ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಪ್ಯಾಡಿ ಎಂಬ ಸಂಸ್ಥೆಯ ಕ್ರಮದಲ್ಲಿ ಮೊದಲ ಹಂತವನ್ನು ಮುಗಿಸಿದವನು ಕೂಡಲೇ 'ಅಡ್ವಾನ್ಸ್ಡ್' ತರಗತಿಗೆ ಸೇರಬಹುದು. ಅದರಲ್ಲಿ ಇರುವುದು ಐದು ಇಳಿತಗಳು: ಆಳದ್ದೊಂದು, ದಿಕ್ಸೂಚಿ ಹಿಡಿದು ದಾರಿ ಕಾಣುವುದೊಂದು, ಉಳಿದ ಮೂರು ನಮ್ಮ ಆಯ್ಕೆಯವು. ಎಸ್‌ಎಸ್‌ಐ ಎಂಬ ಇನ್ನೊಂದು ಸಂಸ್ಥೆಯಾದರೋ, ಅದೇ 'ಅಡ್ವಾನ್ಸ್ಡ್ ಓಪನ್ ವಾಟರ್' ಎಂಬ ಹೆಸರನ್ನು ಕೊಡಬೇಕಾದರೆ ನಾಲ್ಕು ವಿಶೇಷ ತರಬೇತಿಗಳನ್ನೂ 24 ಇಳಿತಗಳನ್ನೂ ಕೇಳುತ್ತದೆ. ಹೆಸರು ಒಂದೇ, ಅದರ ಹಿಂದಿನ ಅನುಭವ ಬೇರೆ ಬೇರೆ. ಆದುದರಿಂದ ಕಾರ್ಡಿನ ಮೇಲಿನ ಪದವನ್ನು ನೋಡಿ ತನ್ನ ಯೋಗ್ಯತೆಯನ್ನು ಅಳೆದುಕೊಳ್ಳುವುದು ತರವಲ್ಲವೆಂದು ನಮಗೆ ತೋರಿತು.

ನಾವು ಶಿಕ್ಷಕ ತರಬೇತಿ ಮುಗಿಸಿ ಮೊದಲ ಶಾಲೆಗೆ ಹೋದ ದಿನಗಳು ಆಗ ನೆನಪಾದುವು. ತರಬೇತಿಯಲ್ಲಿ ಪಾಠ ಮಾಡುವಾಗ ಹಿಂದಿನ ಬೆಂಚಿನಲ್ಲಿ ಗುರುಗಳು ಕುಳಿತಿರುತ್ತಿದ್ದರು. ಸ್ವತಂತ್ರವಾಗಿ ತರಗತಿಗೆ ಹೊಕ್ಕಾಗ ಸೀಮೆಸುಣ್ಣ, ಪಾಠಟಿಪ್ಪಣಿ, ಗಡಿಯಾರ ಇವುಗಳಲ್ಲಿಯೇ ಮನಸ್ಸೆಲ್ಲ ಮುಗಿದು, ಎದುರಿಗಿದ್ದ ನಲುವತ್ತು ಮಕ್ಕಳು ಕಣ್ಣಿಗೆ ಬೀಳಲೇ ಇಲ್ಲ. ಆರು ತಿಂಗಳಾದ ಮೇಲೆ ಕೈಯು ತಾನಾಗಿ ಬರೆಯತೊಡಗಿತು. ಕಡೆಯ ಸಾಲಿನ ಹುಡುಗಿಗೆ ಕಪ್ಪುಹಲಗೆ ಕಾಣಿಸುತ್ತಿಲ್ಲವೆಂಬುದು ಆಗ ನಮಗೆ ಕಂಡಿತು. ಮೊದಲ ವರ್ಷದಲ್ಲಿ ಕಳುಹಿಸಿದ ಪುನಶ್ಚೇತನ ಶಿಬಿರದಿಂದ ನಾವು ತಂದದ್ದು ಒಂದು ಚೀಲ ಮಾತ್ರ. ನಾಲ್ಕನೆಯ ವರ್ಷದ ಶಿಬಿರಕ್ಕೆ ಪ್ರಶ್ನೆಗಳನ್ನು ಹೊತ್ತು ಹೋಗಿದ್ದೆವು, ಅದರ ಉತ್ತರಗಳಿಂದ ಇಂದಿಗೂ ಜೀವನ ಸಾಗಿದೆ.

ಹಾಗೆಂದು ಬಹುಕಾಲ ಕಾಯುವುದೂ ಸರಿಯಲ್ಲ. ಹೇಳಿಕೊಡುವವರಿಲ್ಲದೆ ಮಾಡಿದ ಅಭ್ಯಾಸವು ತಪ್ಪನ್ನೂ ಗಟ್ಟಿಗೊಳಿಸುತ್ತದೆ. ಮಕ್ಕಳಿಗೆ ಬೆನ್ನು ತಿರುಗಿಸಿ ಹಲಗೆಯೊಡನೆಯೇ ಮಾತನಾಡುವ ಚಾಳಿಯನ್ನು ಹತ್ತು ವರ್ಷ ಸಾಕಿದ ಸಹೋದ್ಯೋಗಿಯೊಬ್ಬರನ್ನು ನಾವು ಬಲ್ಲೆವು. ನೀರಿನಲ್ಲಿಯೂ ಮೇಲಕ್ಕೇಳದೆ ತಳಕ್ಕಿಳಿಯದೆ ಸಮತೂಕದಲ್ಲಿ ತೇಲುವುದನ್ನು ಬೇಗನೆ ತಿದ್ದಿಸಿಕೊಳ್ಳುವುದು ಒಳ್ಳೆಯದು. ಗಾಳಿಯ ಖರ್ಚು ಕಡಮೆಯಾಗುವುದೂ, ಕಾಲು ತಗುಲಿ ಹವಳಗಳು ಮುರಿಯದಿರುವುದೂ ಅದರಿಂದಲೇ. ಆಳವು ಕಾದೀತು. ನಮ್ಮ ಕಡೆ ಗುಡ್ಡದೊಳಗೆ ನೀರಿಗಾಗಿ ಸುರಂಗ ಕೊರೆಯುವವರು ದೀಪವನ್ನು ಒಯ್ಯುತ್ತಾರೆ. ದೀಪ ಮಂಕಾದರೆ, ಹೊರಗೆ ಯಜಮಾನನು ಎಷ್ಟೇ ಅವಸರಪಡಿಸಿದರೂ, ಅಂದಿನ ಕೆಲಸ ಅಲ್ಲಿಗೇ ನಿಂತಿತು.

"ಹಾಗಾದರೆ ಬೇಡವೆನ್ನುತ್ತೀರಾ?" ಎಂದನು.

"ಬೇಡವೆಂದಲ್ಲ, ನಾಳೆ ಬೇಡ. ನಾವು ಕೇಳಿದ್ದನ್ನೇ ನಿನ್ನ ಶಿಕ್ಷಕರನ್ನೂ ಕೇಳಿ ನೋಡು" ಎಂದೆವು.

ಅವನು ಕೇಳಿದನು. ಆ ಶಿಕ್ಷಕರು ಸಜ್ಜನರು. ತರಗತಿ ಮಾರಾಟವಾಗಲಿಲ್ಲವೆಂದು ಮುಖ ಸಿಂಡರಿಸದೆ, 18 ಮೀಟರಿನ ಒಳಗೇ ನಾಲ್ಕು ಇಳಿತಗಳಿಗೆ ತಾವೇ ಜೊತೆಯಾಗಿ ಕರೆದೊಯ್ದರು. ನಾಲ್ಕನೆಯದರಲ್ಲಿ ಕನ್ನಡಕಕ್ಕೆ ನೀರು ಹೊಕ್ಕಿತಂತೆ. ಹೊರಗೆ ಹಾಕಿದ ಮೇಲೆಯೇ ತಾನು ಹಾಕಿದೆನೆಂಬುದು ಅವನ ಗಮನಕ್ಕೆ ಬಂದಿತಂತೆ. ಆ ಸುದ್ದಿ ಕೇಳಿ ನಮಗಾದ ಸಂತೋಷವು ಹತ್ತನೆಯ ತರಗತಿಯ ಫಲಿತಾಂಶ ನೋಡಿದಾಗಲೂ ಆಗಿರಲಿಲ್ಲ. ಹಲವು ದಿನ ಸತತವಾಗಿ ಇಳಿದವರು ವಿಮಾನವೇರುವ ಮುನ್ನ ಕಡಮೆಯೆಂದರೆ 18 ಗಂಟೆ ಕಾಯಬೇಕಾದುದರಿಂದ, ಕಡೆಯ ದಿನವನ್ನು ದಡದಲ್ಲಿಯೇ ಕಳೆದು ಹಿಂದಿರುಗಿದನು. ಎರಡೂ ತರಗತಿಗಳನ್ನು ಒಂದೇ ರಜೆಯಲ್ಲಿ ತುರುಕಿದ್ದರೆ ಈ ಬಿಡುವಿಗೆ ಜಾಗವೆಲ್ಲಿರುತ್ತಿತ್ತೋ ತಿಳಿಯದು.

ಇನ್ನು ಮಳೆಗಾಲ ಕಳೆದು ಅರಬ್ಬೀ ಕಡಲು ತಿಳಿಯಾಗಬೇಕು. ಆ ಬಳಿಕ ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದಲ್ಲಿ, ನಡುವೆ ತಿಂಗಳುಗಳು ಕಳೆದಿರುವುದರಿಂದ ಮೊದಲು ಆಳವಿಲ್ಲದ ನೀರಿನಲ್ಲಿ ಹಳೆಯ ಪಾಠವನ್ನು ಒಪ್ಪಿಸಿ, ಮತ್ತೆ ಕೆಲವು ಸಲ ಇಳಿದು, ಆಮೇಲೆ ಮುಂದಿನ ತರಬೇತಿಯೆಂದು ನಿಶ್ಚಯಿಸಿದ್ದಾನೆ. ಪ್ರಶ್ನೆಗಳನ್ನು ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದಾನಂತೆ. ನಮ್ಮ ತಂಗಿಯು ತಾನೂ ದೋಣಿಯವರೆಗೆ ಬರುವೆನೆಂದು ಹಟ ಹಿಡಿದಿದ್ದಾಳೆ. ಜೊತೆಗೆ ನಾವೂ ಹೊರಡಬೇಕಂತೆ. ರಜೆಯ ಅರ್ಜಿಯನ್ನು ಇನ್ನೂ ಬರೆದಿಲ್ಲ.