ಯಾರಾದರೂ ಬರುತ್ತಾರೆ ಎಂದು ಕಾಯಬೇಡಿ

ರಸ್ತೆಯಲ್ಲಿ ಒಬ್ಬರು ಬಿದ್ದು ನರಳುತ್ತಿದ್ದಾರೆ. ಸುತ್ತ ಮೂವತ್ತು ಜನ ನಿಂತಿದ್ದಾರೆ. ಒಬ್ಬರೂ ಬಗ್ಗುತ್ತಿಲ್ಲ. ಇಂಥ ಸುದ್ದಿ ಓದಿದಾಗಲೆಲ್ಲ ‘ಮನುಷ್ಯತ್ವ ಸತ್ತುಹೋಯಿತು’ ಎಂದು ನಿಟ್ಟುಸಿರು ಬಿಟ್ಟು ಪುಟ ತಿರುಗಿಸುತ್ತೇವೆ. ಆ ನಿಟ್ಟುಸಿರಿನಲ್ಲೇ ಒಂದು ಸಮಾಧಾನ ಅಡಗಿದೆ: ಅವರು ಕಲ್ಲೆದೆಯವರು, ನಾವು ಹಾಗಲ್ಲ. ಮನಃಶಾಸ್ತ್ರದ ಅರ್ಧ ಶತಮಾನದ ಅಧ್ಯಯನಗಳು ಈ ಸಮಾಧಾನವನ್ನು ನಮ್ಮಿಂದ ಕಿತ್ತುಕೊಳ್ಳುತ್ತವೆ. ಕಿತ್ತುಕೊಳ್ಳಲೇಬೇಕು. ಆ ಗುಂಪಿನಲ್ಲಿ ನಾವಿದ್ದಿದ್ದರೂ ಬಹುಶಃ ಹಾಗೆಯೇ ನಿಂತಿರುತ್ತಿದ್ದೆವು.

1964ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನ ಕ್ವೀನ್ಸ್‌ನಲ್ಲಿ ಕಿಟಿ ಜಿನೊವೀಸ್ ಎಂಬ ಯುವತಿಯ ಕೊಲೆಯಾಯಿತು. 38 ಜನ ಕಂಡೂ ಸುಮ್ಮನಿದ್ದರೆಂದು ಪತ್ರಿಕೆ ಬರೆಯಿತು. ಆ ಲೆಕ್ಕ ಉತ್ಪ್ರೇಕ್ಷೆಯದು, ಕೆಲವರು ಕೂಗಿದ್ದರು, ನೆರೆಮನೆಯ ಹೆಂಗಸೊಬ್ಬರು ಓಡಿಬಂದು ಆಕೆಯನ್ನು ತೋಳಲ್ಲಿ ಹಿಡಿದಿದ್ದರು ಎಂಬುದು ಆಮೇಲೆ ತಿಳಿಯಿತು. ಆದರೆ ಆ ವರದಿ ಓದಿದ ಇಬ್ಬರು ಮನಃಶಾಸ್ತ್ರಜ್ಞರು, ಜಾನ್ ಡಾರ್ಲಿ ಮತ್ತು ಬಿಬ್ ಲಟಾನೆ, ಯಾರನ್ನೂ ಶಪಿಸಲು ಹೋಗಲಿಲ್ಲ. ಪ್ರಯೋಗಕ್ಕಿಳಿದರು.

ವಿದ್ಯಾರ್ಥಿಗಳನ್ನು ಒಬ್ಬೊಬ್ಬರಂತೆ ಬೇರೆ ಬೇರೆ ಕೋಣೆಗಳಲ್ಲಿ ಕೂರಿಸಿ ಮೈಕಿನ ಮೂಲಕ ಮಾತನಾಡಿಸಿದರು. ನಡುವೆ ಒಂದು ದನಿ ತೊದಲತೊಡಗುತ್ತದೆ. ನನಗೆ ಮೂರ್ಛೆ ಬರುತ್ತಿದೆ, ಸಹಾಯ ಮಾಡಿ ಎಂದು ಅಂಗಲಾಚುತ್ತದೆ. ಅದು ಮೊದಲೇ ಮುದ್ರಿಸಿಟ್ಟ ದನಿ ಎಂಬುದು ಕೇಳುವವರಿಗೆ ಗೊತ್ತಿಲ್ಲ. ಕೇಳುತ್ತಿರುವುದು ತಾನೊಬ್ಬನೇ ಎಂದು ನಂಬಿದವರಲ್ಲಿ ಶೇ 85ರಷ್ಟು ಮಂದಿ ಆ ದನಿ ನಿಲ್ಲುವ ಮೊದಲೇ ಎದ್ದು ಓಡಿದರು. ಇನ್ನೂ ನಾಲ್ವರು ಕೇಳುತ್ತಿದ್ದಾರೆಂದು ನಂಬಿದವರಲ್ಲಿ ಹಾಗೆ ಎದ್ದವರು ಶೇ 31 ಮಾತ್ರ.

ಎದ್ದೇಳದವರು ಹೇಗಿದ್ದರು? ಸಂಶೋಧಕರು ಒಳಗೆ ಬಂದಾಗ ಅವರ ಕೈ ನಡುಗುತ್ತಿತ್ತು, ಅಂಗೈ ಬೆವರಿತ್ತು. ‘ಅವನಿಗೆ ಏನೂ ಆಗಿಲ್ಲ ತಾನೇ? ಯಾರಾದರೂ ನೋಡಿಕೊಳ್ಳುತ್ತಿದ್ದಾರೆಯೇ?’ ಎಂದು ಅವರೇ ಕೇಳಿದರು. ಎದ್ದು ಹೋದವರಿಗಿಂತ ಹೆಚ್ಚು ತಳಮಳ ಕೂತವರಲ್ಲೇ ಇತ್ತು. ಕರುಣೆ ಬತ್ತಿರಲಿಲ್ಲ. ಹೊಣೆ ಮಾತ್ರ ಎಲ್ಲರಿಗೂ ಹಂಚಿಹೋಗಿ, ಯಾರೊಬ್ಬರ ಪಾಲಿಗೂ ಏಳುವಷ್ಟು ಉಳಿದಿರಲಿಲ್ಲ.

ಇನ್ನೊಂದು ಪ್ರಯೋಗದಲ್ಲಿ ಕೋಣೆಯೊಳಕ್ಕೆ ಹೊಗೆ ನುಗ್ಗಿಸಿದರು. ಒಬ್ಬರೇ ಕೂತಿದ್ದಾಗ ಶೇ 75ರಷ್ಟು ಜನ ಹೋಗಿ ತಿಳಿಸಿದರು. ಪಕ್ಕದಲ್ಲಿ ಏನೂ ಆಗದವರಂತೆ ಇಬ್ಬರು ಕೂತಿದ್ದಾಗ ತಿಳಿಸಿದವರು ಶೇ 10. ಉಳಿದವರು ಕಣ್ಣುಜ್ಜುತ್ತ, ಕೆಮ್ಮುತ್ತ, ಹೊಗೆಯ ನಡುವೆಯೇ ಪ್ರಶ್ನಾವಳಿ ತುಂಬುತ್ತಿದ್ದರು. ಆಪತ್ತು ಬಂದಾಗ ನಾವು ಮೊದಲು ನೋಡುವುದು ಪಕ್ಕದವರ ಮುಖವನ್ನು. ಅವರು ನಮ್ಮ ಮುಖ ನೋಡುತ್ತಿರುತ್ತಾರೆ. ಒಬ್ಬರ ಮೌನ ಇನ್ನೊಬ್ಬರಿಗೆ ಅಪ್ಪಣೆಯಾಗುತ್ತದೆ.

ಧರ್ಮಬುದ್ಧಿಯಾದರೂ ಕಾಪಾಡೀತೇ? 1973ರಲ್ಲಿ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಪ್ರಕಟಿಸಿದ ಅಧ್ಯಯನ ಪ್ರಿನ್ಸ್‌ಟನ್‌ನಲ್ಲಿ ಪಾದ್ರಿಗಳಾಗಲು ಓದುತ್ತಿದ್ದವರ ಮೇಲೆ ನಡೆದದ್ದು. ಅವರಲ್ಲಿ ಕೆಲವರು ಹೊರಟಿದ್ದದ್ದೇ ದಾರಿಯಲ್ಲಿ ಬಿದ್ದವನನ್ನು ಎತ್ತಿದ ಸಮಾರ್ಯದವನ ಕಥೆಯ ಬಗ್ಗೆ ಮಾತನಾಡಲು. ದಾರಿಯಲ್ಲಿ ಒಬ್ಬ ಕುಸಿದು ಕೂತು ಕೆಮ್ಮುತ್ತಿದ್ದ. ಅವಸರವಿಲ್ಲದವರಲ್ಲಿ ಶೇ 63ರಷ್ಟು ಮಂದಿ ಸಹಾಯಕ್ಕೆ ಮುಂದಾದರು. ‘ತಡವಾಯಿತು, ಬೇಗ ಹೋಗಿ’ ಎನ್ನಿಸಿಕೊಂಡವರಲ್ಲಿ ಶೇ 10. ತಲೆಯೊಳಗೆ ಯಾವ ಕಥೆಯಿದೆ ಎಂಬುದಕ್ಕಿಂತ ಕೈಯಲ್ಲಿ ಎಷ್ಟು ಹೊತ್ತಿದೆ ಎಂಬುದೇ ದೊಡ್ಡದಾಯಿತು.

ಇದೆಲ್ಲ ಅಮೆರಿಕದ ಮಾತು ಎಂದು ತಳ್ಳಿಹಾಕುವಂತಿಲ್ಲ; ನಮ್ಮ ರಸ್ತೆಗಳಲ್ಲೂ ಬಿದ್ದವರು ಸುತ್ತ ಇರುವವರನ್ನೇ ನಂಬಬೇಕು. 2016ರ ಫೆಬ್ರವರಿಯಲ್ಲಿ ನೆಲಮಂಗಲದ ಬಳಿ ಲಾರಿಗೆ ಸಿಕ್ಕು ದೇಹ ಎರಡು ತುಂಡಾಗಿ ಬಿದ್ದಿದ್ದ ಹರೀಶ್ ನಂಜಪ್ಪ, ಆ ಸ್ಥಿತಿಯಲ್ಲೂ ತನ್ನ ಅಂಗಗಳನ್ನು ದಾನ ಮಾಡಿ ಎಂದು ಕೇಳಿಕೊಂಡರು. ಸಾಯುತ್ತಿರುವವರು ಬೇರೆಯವರ ಬಗ್ಗೆ ಯೋಚಿಸಿದರು. ಅವರ ಕಣ್ಣುಗಳು ದಾನವಾದವು. ರಾಜ್ಯ ಸರ್ಕಾರ ಅವರ ಹೆಸರಿನಲ್ಲೇ ಸಾಂತ್ವನ ಯೋಜನೆ ತಂದು, ಅಪಘಾತದ ಮೊದಲ 48 ಗಂಟೆಗಳ ಚಿಕಿತ್ಸೆಗೆ ₹25,000ದವರೆಗೆ ಕೊಡುವುದಾಗಿ ಹೇಳಿತು. ಆ ಹಣ ಗಾಯಾಳುವಿಗೆ ದಕ್ಕಬೇಕಾದರೆ ಮೊದಲು ಯಾರಾದರೂ ಅವರನ್ನು ಆಸ್ಪತ್ರೆಗೆ ಮುಟ್ಟಿಸಬೇಕು. 2022ರಲ್ಲಿ ಈ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು.

‘ನಮಗ್ಯಾಕೆ ಊರ ಉಸಾಬರಿ, ಪೊಲೀಸ್ ಕೇಸಾಗುತ್ತೆ, ಕೋರ್ಟು ಕಚೇರಿ ಅಲೆಯಬೇಕಾಗುತ್ತೆ’ ಎಂಬ ಭಯ ಸುಳ್ಳಿನ ಮೇಲೆ ಹುಟ್ಟಿದ್ದಲ್ಲ. ಅಲೆದವರಿದ್ದಾರೆ. ಆದರೆ ಕಾನೂನು ಬದಲಾಗಿದೆ. ನೆರವಿಗೆ ಬಂದವರನ್ನು ಕಾಯುವ ಮಾರ್ಗಸೂಚಿಗಳಿಗೆ 2016ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿಗೆ ಕೊಟ್ಟಿತು. ಕರ್ನಾಟಕ ಇದಕ್ಕಾಗಿಯೇ ಕಾಯ್ದೆ ಮಾಡಿತು. ಅದಕ್ಕೆ 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಸಿಕ್ಕಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಸೆಕ್ಷನ್ ಸೇರಿತು. ಒಳ್ಳೆಯ ಮನಸ್ಸಿನಿಂದ ಗಾಯಾಳುವಿಗೆ ನೆರವಾದವರ ಮೇಲೆ ಸಿವಿಲ್ ಅಥವಾ ಕ್ರಿಮಿನಲ್ ಹೊಣೆ ಹೊರಿಸುವಂತಿಲ್ಲ. ಹೆಸರು ಹೇಳಿ ಎಂದು ಬಲವಂತ ಮಾಡುವಂತಿಲ್ಲ.

ಇನ್ನೂ ಒಂದು ಸಂಗತಿ ಹೇಳದಿದ್ದರೆ ಈ ಮಾತು ಅರ್ಧವಾಗುತ್ತದೆ. ಆಮ್‌ಸ್ಟರ್‌ಡಾಂ, ಲ್ಯಾಂಕಾಸ್ಟರ್, ಕೇಪ್‌ಟೌನ್ ನಗರಗಳಲ್ಲಿ ಸಾರ್ವಜನಿಕವಾಗಿ ನಡೆದ 219 ಜಗಳಗಳ ಸಿಸಿಟಿವಿ ದೃಶ್ಯಗಳನ್ನು ಪರಿಶೀಲಿಸಿದ 2019ರ ಅಧ್ಯಯನವೊಂದರಲ್ಲಿ, ಹತ್ತರಲ್ಲಿ ಒಂಬತ್ತು ಕಡೆ ಕನಿಷ್ಠ ಒಬ್ಬರಾದರೂ ನಡುವೆ ಬಂದಿದ್ದರು. ಜನ ಹೆಚ್ಚಿದ್ದಷ್ಟೂ ಯಾರಾದರೂ ಮುಂದೆ ಬರುವ ಸಾಧ್ಯತೆ ಹೆಚ್ಚಿತ್ತು. ಗುಂಪು ನಮ್ಮನ್ನು ಕಟ್ಟಿಹಾಕಬಲ್ಲದು, ಗುಂಪೇ ಕಾಪಾಡಲೂಬಲ್ಲದು. ಹೊಗೆಯ ಕೋಣೆಯಲ್ಲಿ ಮೌನ ಹರಡಿದಂತೆ ಧೈರ್ಯವೂ ಹರಡಬಲ್ಲದು. ಮೊದಲು ಏಳುವ ಒಬ್ಬರು ಬೇಕು. ಆ ಒಬ್ಬರನ್ನು ಕಲಿಸಿ ತಯಾರು ಮಾಡಬಹುದು. ಆರ್ಥರ್ ಬೀಮನ್ ಮತ್ತು ಸಂಗಡಿಗರು 1978ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಗುಂಪಿನ ಈ ಮೌನದ ಬಗ್ಗೆ ಪಾಠ ಕೇಳಿದ್ದ ವಿದ್ಯಾರ್ಥಿಗಳಲ್ಲಿ ಶೇ 43ರಷ್ಟು ಮಂದಿ ಎರಡು ವಾರದ ನಂತರವೂ ಬಿದ್ದವರ ಬಳಿ ನಿಂತರು. ಪಾಠ ಕೇಳದವರಲ್ಲಿ ಶೇ 25. ಒಂದೇ ಒಂದು ಪಾಠ!

ಅದೇ ಪಾಠ ಈಗ ನಿಮ್ಮ ಕೈಯಲ್ಲಿದೆ. ಇನ್ನು ‘ಗೊತ್ತಿರಲಿಲ್ಲ’ ಎನ್ನುವ ಹಕ್ಕು ನಿಮಗೂ ಇಲ್ಲ, ನನಗೂ ಇಲ್ಲ. ಗುಂಪು ಕಂಡಾಗ ‘ಇಷ್ಟು ಜನ ಇದ್ದಾರಲ್ಲ’ ಎಂಬ ಯೋಚನೆ ಬಂದೇ ಬರುತ್ತದೆ. ಅದನ್ನೇ ಎಚ್ಚರಿಕೆಯ ಗಂಟೆ ಎಂದು ತಿಳಿಯಿರಿ. ಒಳಗೆ ನುಗ್ಗಿ. 108ಕ್ಕೋ 112ಕ್ಕೋ ಕರೆ ಮಾಡಿ. ‘ಯಾರಾದರೂ ಬನ್ನಿ’ ಎನ್ನಬೇಡಿ, ‘ನೀಲಿ ಅಂಗಿ ಹಾಕಿರುವ ಅಣ್ಣ, ನೀವು ವಾಹನ ತಡೆಯಿರಿ, ಅಕ್ಕ, ನೀವು ನೀರು ತನ್ನಿ’ ಎನ್ನಿ. ಹಂಚಿಹೋದ ಹೊಣೆಯನ್ನು ಒಬ್ಬೊಬ್ಬರ ಕೈಗೆ ಮರಳಿಸುವ ದಾರಿ ಇದು. ನೀವೇ ಬಿದ್ದಿದ್ದರೂ ಒಬ್ಬರ ಕಣ್ಣಲ್ಲಿ ಕಣ್ಣಿಟ್ಟು ಅವರನ್ನೇ ಕೇಳಿ.

ಶಿಕ್ಷಕರೇ, ಇದನ್ನು ಒಂದು ಪೀರಿಯಡ್ಡಿನಲ್ಲಿ ಕಲಿಸಬಹುದು. ಪೊಲೀಸರೇ, ಗಾಯಾಳುವನ್ನು ಕರೆತಂದವರನ್ನು ಆರೋಪಿಯಂತೆ ನಿಲ್ಲಿಸಿದ ಒಂದೊಂದು ಸಲವೂ ಮುಂದಿನ ನೂರು ಕೈಗಳನ್ನು ನೀವು ಹಿಂದಕ್ಕೆ ಎಳೆಯುತ್ತೀರಿ. ವೈದ್ಯರೇ, ತುರ್ತು ಚಿಕಿತ್ಸೆ ನಿಮ್ಮ ಕರ್ತವ್ಯವೆಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಮುಂಗಡ ಹಣದ ಮಾತು ಆಮೇಲೆ ಬರಲಿ. ಓದುಗರೇ, ಇವತ್ತು ರಾತ್ರಿ ಊಟಕ್ಕೆ ಕೂತಾಗ ಮನೆಯ ಮಕ್ಕಳಿಗೆ ಈ ಪ್ರಯೋಗಗಳ ಕಥೆ ಹೇಳಿ. ಕೊನೆಗೆ ಇಷ್ಟು ಕೇಳಿಸಿ: ಎಲ್ಲರೂ ಸುಮ್ಮನೆ ನಿಂತಿದ್ದಾರೆ ಎಂದರೆ ಎಲ್ಲವೂ ಸರಿಯಿದೆ ಎಂದಲ್ಲ; ಅವರೆಲ್ಲ ನಿನ್ನನ್ನೇ ಕಾಯುತ್ತಿದ್ದಾರೆ ಎಂದು.